ಸ್ಟಾರ್ ಟ್ರೆಕ್ ಪ್ರತಿಕೃತಿ ಬೇಕೇ? ಯಾವುದರ ಪ್ರತಿಕೃತಿ ಎಂದು ಮೊದಲು ಗೊತ್ತುಮಾಡಿಕೊಳ್ಳಿ

ಎಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದ ಮುಂದೆ ಕೂತು ಸ್ಟಾರ್ ಟ್ರೆಕ್ ಎಂಬ ಅಮೆರಿಕದ ಬಾಹ್ಯಾಕಾಶ ಧಾರಾವಾಹಿ ನೋಡಿದವರು ಹುಬ್ಬಳ್ಳಿ-ಧಾರವಾಡದಲ್ಲಿ ಈಗಲೂ ಸಾಕಷ್ಟು ಸಿಗುತ್ತಾರೆ. ಅವರಿಗೆಲ್ಲ ಈಗ ಕೈಯಲ್ಲಿ ನಾಲ್ಕು ರೊಕ್ಕ ಆಡುವ ವಯಸ್ಸು. ಅದರ ನಾಯಕ ಕ್ಯಾಪ್ಟನ್ ಕರ್ಕ್ ಠಪ್ಪೆಂದು ತೆರೆಯುತ್ತಿದ್ದ, ಫೋನಿನಂಥ ಆ ಕಮ್ಯುನಿಕೇಟರ್ ಒಂದು ಶೋಕೇಸಿನಲ್ಲಿರಲಿ ಎಂಬ ಆಸೆ ತಪ್ಪೇನಲ್ಲ. ಆದರೆ ಮೊಬೈಲ್‌ನಲ್ಲಿ ಹುಡುಕಿ, ಕಂಡ ಮೊದಲನೆಯದಕ್ಕೆ ದುಡ್ಡು ಕಟ್ಟಿದರೆ ಮನೆಗೆ ಬರುವುದು ಮಕ್ಕಳ ಆಟಿಕೆ. ಅವಸರ ಬೇಡ.

ಹಂತ 1: ‘ಅಸಲಿ’ ಒಂದೇ ಅಲ್ಲ

ಮೂಲ ಸರಣಿ 1966ರಿಂದ 1969ರವರೆಗೆ ಮೂರು ಸೀಸನ್, 79 ಕಂತುಗಳಲ್ಲಿ ಪ್ರಸಾರವಾಯಿತು. ಅದರ ಕಮ್ಯುನಿಕೇಟರ್ ಮತ್ತು ಹೆಗಲಿಗೆ ತೂಗುಹಾಕುವ ತಪಾಸಣೆಯ ಯಂತ್ರ ಟ್ರೈಕಾರ್ಡರ್ ಮಾಡಿಕೊಟ್ಟವರು ವಾ ಚಾಂಗ್ ಎಂಬ ಕಲಾವಿದ. ಒಂದೇ ವಸ್ತುವನ್ನು ಹಲವು ದರ್ಜೆಯಲ್ಲಿ ಮಾಡುತ್ತಿದ್ದರು. ಕ್ಯಾಮೆರಾ ಹತ್ತಿರ ಬರುವಾಗ ಹಿಡಿಯಲು ಒಂದೆರಡು ನಾಜೂಕಿನವು. ಇವುಗಳನ್ನು ಸಂಗ್ರಾಹಕರು ‘ಹೀರೊ’ ಎನ್ನುತ್ತಾರೆ. ಹಿಂದೆ ನಿಂತವರ ಸೊಂಟಕ್ಕೆ ಸಾದಾ ಪ್ಲಾಸ್ಟಿಕ್ಕಿನವು. ಹೀರೊ ಕಮ್ಯುನಿಕೇಟರ್ ತೆರೆದರೆ ನಡುವೆ ಒಂದು ದುಂಡು ಬಿಲ್ಲೆ, ಅದರ ಮೇಲಿನ ಗೆರೆಗಳು ತಿರುಗುತ್ತ ಅಲೆಯಾಡಿದಂತೆ ಕಾಣುತ್ತವೆ. ಇದಕ್ಕೆ ಮೊಯ್ರೆ ಎಂದು ಹೆಸರು. ಅದನ್ನು ತಿರುಗಿಸುತ್ತಿದ್ದುದು ಒಳಗಿಟ್ಟ ಸ್ಟಾಪ್‌ವಾಚ್ ಯಂತ್ರ! ಸೊಂಟದವುಗಳಲ್ಲಿ ಇದಾವುದೂ ಇಲ್ಲ.

ಹಾಗಾಗಿ ‘ಡಿಟ್ಟೋ ಒರಿಜಿನಲ್’ ಎಂದು ಮಾರುವವನನ್ನು ಕೇಳಬೇಕಾದ ಮೊದಲ ಪ್ರಶ್ನೆ, ಯಾವ ಒರಿಜಿನಲ್ಲಿಗೆ ಡಿಟ್ಟೋ? ಗೋಡೆಯ ಶೋಕೇಸಿಗೆ ಹೀರೊ ಮಾದರಿಯೇ ಸರಿ. ಗ್ಯಾದರಿಂಗಿಗೆ ವೇಷ ಹಾಕುವವರಿಗೆ, ನಾಟಕ ಆಡಿಸುವವರಿಗೆ ಹಗುರದ್ದು ಸಾಕು, ಬಿದ್ದರೂ ಹೊಟ್ಟೆ ಉರಿಯುವುದಿಲ್ಲ.

ಹಂತ 2: ಚಿತ್ರ ಕೂಡಿಸಿ, ಬಣ್ಣ ನಂಬಬೇಡಿ

ಬೇಕಾದ ವಸ್ತು ಸ್ಪಷ್ಟವಾಗಿ ಕಾಣುವ ಕಂತುಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಮುಂದೆ-ಹಿಂದೆ-ಮಗ್ಗುಲಿನ ಚಿತ್ರ ತೆಗೆದಿಟ್ಟುಕೊಳ್ಳಿ. ಬಣ್ಣದ ವಿಷಯದಲ್ಲಿ ಮಾತ್ರ ಪರದೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಕರ್ಕ್ ತೊಡುತ್ತಿದ್ದ ‘ಬಂಗಾರದ’ ಅಂಗಿಯ ಬಟ್ಟೆ ನಿಜವಾಗಿ ಹಸಿರು ಛಾಯೆಯದು. ಸ್ಟುಡಿಯೋ ದೀಪಕ್ಕೆ ಹಳದಿ ಹೊಡೆಯುತ್ತಿತ್ತು. ಕಪ್ಪು-ಬಿಳುಪು ಟಿವಿಯಲ್ಲಿ ನೋಡಿದ ನಮ್ಮ ಕಡೆಯ ಬಹಳ ಮಂದಿಗೆ ಈ ಜಗಳವೇ ಇರಲಿಲ್ಲ ಬಿಡಿ.

ಹಂತ 3: ಯಾರು ಮಾಡಿದ್ದು?

ಹುಡುಕುವಾಗ ವಸ್ತುವಿನ ಹೆಸರಿನ ಜತೆ ‘ಟಿಒಎಸ್’ (TOS, ಅಂದರೆ ದಿ ಒರಿಜಿನಲ್ ಸೀರೀಸ್) ಎಂದು ಇಂಗ್ಲಿಷಿನಲ್ಲಿ ಸೇರಿಸಿ. ಮೂಲ ಸರಣಿಗೆ ಸಂಗ್ರಾಹಕರು ಇಟ್ಟ ಗುರುತು ಅದು. ಇಲ್ಲದಿದ್ದರೆ 1987ರಲ್ಲಿ ಶುರುವಾದ ಮುಂದಿನ ಸರಣಿಯ ಸಾಮಾನೆಲ್ಲ ಮುಂದೆ ಬಂದು ಬೀಳುತ್ತದೆ. ಆ ಸರಣಿಯ ಫೇಸರ್‌ಗೆ, ಅಂದರೆ ಕಿರಣ ಹಾರಿಸುವ ಆಯುಧಕ್ಕೆ, ಪಿಸ್ತೂಲಿನ ಆಕಾರವೂ ಇಲ್ಲ.

ತಯಾರಕರಲ್ಲಿ ಕೆಲವನ್ನು ತಿಳಿದಿದ್ದರೆ ಸಾಕು. ಎಎಂಟಿ ಕಂಪನಿ 1974ರಲ್ಲಿ ಫೇಸರ್, ಕಮ್ಯುನಿಕೇಟರ್, ಟ್ರೈಕಾರ್ಡರ್ ಮೂರನ್ನೂ ಒಂದೇ ಡಬ್ಬಿಯಲ್ಲಿಟ್ಟು ಜೋಡಿಸುವ ಕಿಟ್ ತಂದಿತು. ಅದರ ಮರುಮುದ್ರಣವೂ ಬಂದಿದೆ. ಅಗ್ಗದ್ದು, ಆದರೆ ಅಳತೆ ಅಸಲಿಗಿಂತ ಚಿಕ್ಕದು. ಡೈಮಂಡ್ ಸೆಲೆಕ್ಟ್‌ನವು ದೀಪ-ಸದ್ದು ಇರುವ ಆಟಿಕೆ. ಮೊದಲ ಬಾರಿ ಕೊಳ್ಳುವವರಿಗೆ ನಾನು ಇದನ್ನೇ ಹೇಳುತ್ತೇನೆ. ಮಾಸ್ಟರ್ ರೆಪ್ಲಿಕಾಸ್ ಈ ಶತಮಾನದ ಮೊದಲ ದಶಕದಲ್ಲಿ ಸಂಖ್ಯೆ ಹಾಕಿದ ಸೀಮಿತ ಆವೃತ್ತಿ ತಂದಿತ್ತು, ಅವು ಈಗ ಸೆಕೆಂಡ್ ಹ್ಯಾಂಡಿನಲ್ಲೇ ಸಿಗಬೇಕು. ಬ್ರಿಟನ್ನಿನ ವಾಂಡ್ ಕಂಪನಿ 2016ರಲ್ಲಿ, ಸರಣಿಗೆ ಐವತ್ತು ತುಂಬಿದಾಗ, ಅಸಲಿ ವಸ್ತುವನ್ನೇ ಸ್ಕ್ಯಾನ್ ಮಾಡಿ ಬ್ಲೂಟೂತ್ ಕಮ್ಯುನಿಕೇಟರ್ ತಂದಿತು. ಮೊಬೈಲ್‌ಗೆ ಜೋಡಿಸಿದರೆ ಅದರಲ್ಲೇ ಮಾತಾಡಬಹುದು. ದುಬಾರಿ, ಆದರೆ ಮೋಸವಿಲ್ಲ.

ಹಂತ 4: ಫೋಟೋ ಕೇಳಿ, ಕಥೆ ಬೇಡ

ಇಬೇ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಕೇಳುತ್ತಿರುವ ಬೆಲೆಯನ್ನಲ್ಲ, ಮಾರಾಟವಾಗಿ ಹೋದವುಗಳ ಬೆಲೆಯನ್ನು ನೋಡಿ. ಅದಕ್ಕೆ ಬೇರೆ ಫಿಲ್ಟರ್ ಇದೆ. ಮಾರುವವರಿಂದ ನಾಲ್ಕು ಫೋಟೋ ತರಿಸಿ: ಬ್ಯಾಟರಿ ಮುಚ್ಚಳ ತೆರೆದದ್ದು, ಮೇಲಿನ ಮುಚ್ಚಳದ ತಿರುಗಣಿ, ತಳದ ಮುದ್ರೆ, ಸ್ಕೇಲ್ ಪಕ್ಕದಲ್ಲಿಟ್ಟದ್ದು. ಕಮ್ಯುನಿಕೇಟರ್ ಕೆಡುವುದೇ ತಿರುಗಣಿಯಲ್ಲಿ. ಬಂಗಾರ ಬಣ್ಣದ ಜಾಳಿಗೆ ಮುಚ್ಚಳ ತೆರೆದಾಗ ನೆಟ್ಟಗೆ ನಿಲ್ಲದೆ ಓಲಾಡುತ್ತಿದ್ದರೆ ಒಳಗಿನ ಪ್ಲಾಸ್ಟಿಕ್ ಸೀಳಿದೆ ಎಂದು ಲೆಕ್ಕ.

‘ಚಿತ್ರೀಕರಣದಲ್ಲಿ ಬಳಸಿದ್ದು’ ಎಂದವರಿಂದ ದೂರವಿರಿ. ಸರಣಿಯ ಎರಡನೇ ಪೈಲಟ್ (ಪ್ರಾಯೋಗಿಕ) ಕಂತಿಗಾಗಿ ಆಟಿಕೆ ವಿನ್ಯಾಸಕ ರೂಬೆನ್ ಕ್ಲೇಮರ್ ಮಾಡಿದ ಫೇಸರ್ ರೈಫಲ್ 2013ರ ಹರಾಜಿನಲ್ಲಿ 2,31,000 ಡಾಲರಿಗೆ ಹೋಯಿತು. ಅಂಥದ್ದು ನಾಲ್ಕು ಸಾವಿರ ರೂಪಾಯಿಗೆ ಬರುವುದಿಲ್ಲ. ಅಪರೂಪಕ್ಕೆ ಪವಾಡ ಆಗುವುದುಂಟು: ಎಪ್ಪತ್ತರ ದಶಕದಲ್ಲಿ ಕಾಣೆಯಾಗಿದ್ದ, ಕರ್ಕ್‌ನ ಎಂಟರ್‌ಪ್ರೈಸ್ ನೌಕೆಯ ಮೂರಡಿ ಮಾದರಿ 2023ರಲ್ಲಿ ಇಬೇಯಲ್ಲೇ ಮಾರಾಟಕ್ಕೆ ಕಾಣಿಸಿಕೊಂಡು, ಮರುವರ್ಷ ಸರಣಿಯ ಸೃಷ್ಟಿಕರ್ತ ಜೀನ್ ರಾಡನ್‌ಬೆರಿಯ ಮಗನ ಕೈ ಸೇರಿತು.

ಹಂತ 5: ಸುಂಕದ ಲೆಕ್ಕ

ಹೊರದೇಶದಿಂದ ತರಿಸುವ ಆಟಿಕೆಗಳ ಮೂಲ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತ್ತು. ಕೊಳ್ಳುವ ಮುನ್ನ ಕೊರಿಯರ್‌ನವರಿಂದ ಆ ದಿನದ ದರ ಕೇಳಿಕೊಳ್ಳಿ. ಸಾಗಣೆ ವೆಚ್ಚದ ಮೇಲೂ ಸುಂಕ ಬೀಳುತ್ತದೆ. ಸುಂಕ ತಪ್ಪಿಸಲು ‘ಗಿಫ್ಟ್ ಅಂತ ಬರೆಸಿದರೆ ಆಯ್ತು’ ಎಂಬ ಹಳೆಯ ಸಲಹೆ 2019ರ ಡಿಸೆಂಬರ್‌ನಲ್ಲೇ ಸತ್ತಿದೆ. 2021ರ ಜನವರಿಯಿಂದ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಹಾಗಾಗಿ ದೊಡ್ಡವರ ಸಂಗ್ರಹಕ್ಕೆಂದೇ ಮಾಡಿದ ವಸ್ತುವಾಗಿದ್ದರೆ ಕಾಗದದ ಮೇಲೆ ಹಾಗೇ ಬರೆಯಲು ಹೇಳಿ.

ಹಂತ 6: ಹುಬ್ಬಳ್ಳಿಯ ಗೋಕುಲ ರೋಡಿಗೊಂದು ಸುತ್ತು

ಇಷ್ಟೆಲ್ಲ ಯಾಕೆ, ಇಲ್ಲೇ ಮಾಡಿಸಿದರೆ? ನನ್ನ ಮಟ್ಟಿಗೆ ಇದೇ ಹೆಚ್ಚು ಖುಷಿಯ ದಾರಿ, ಸರಣಿಯ ಜಾಯಮಾನಕ್ಕೂ ಹೊಂದುವಂಥದ್ದು. 1966ರ ಸೆಪ್ಟೆಂಬರ್ 8ರಂದು ಪ್ರಸಾರವಾದ ಮೊದಲ ಕಂತಿನಲ್ಲಿ ಉಪ್ಪು ಹೀರುವ ಪ್ರಾಣಿಯೊಂದಿದೆ. ಅದಕ್ಕಾಗಿ ಅಂಗಡಿಯಿಂದ ಚಂದಚಂದದ ಉಪ್ಪಿನ ಡಬ್ಬಿ ತಂದರು. ಇವು ಉಪ್ಪಿನವೆಂದು ನೋಡುವವರಿಗೆ ತಿಳಿಯದು ಎನಿಸಿ ಸಾದಾ ಡಬ್ಬಿಯನ್ನೇ ತೋರಿಸಿದರು. ಚಂದದವು ನೌಕೆಯ ವೈದ್ಯ ಡಾಕ್ಟರ್ ಮೆಕಾಯ್‌ನ ಶಸ್ತ್ರಚಿಕಿತ್ಸೆಯ ಉಪಕರಣಗಳಾದವು. ಮೆಕಾಯ್‌ನ ಪೆಟ್ಟಿಗೆ ತುಂಬಿಸಲು ಹುಬ್ಬಳ್ಳಿಯ ದುರ್ಗದ ಬೈಲಿನ ಪಾತ್ರೆ ಅಂಗಡಿ ಸಾಲು ಅಮೆರಿಕದ ಯಾವ ಮಳಿಗೆಗೂ ಕಡಿಮೆಯಿಲ್ಲ.

ಕಮ್ಯುನಿಕೇಟರ್ ಮಾಡಿಸುವುದಾದರೆ ತ್ರೀಡಿ ಪ್ರಿಂಟಿನಿಂದ ಶುರುಮಾಡಿ. ವಿನ್ಯಾಸದ ಕಡತಗಳು ನೆಟ್‌ನಲ್ಲಿವೆ, ಎಂಜಿನಿಯರಿಂಗ್ ಹುಡುಗರು ಪ್ರಿಂಟ್ ಹಾಕಿಕೊಡುತ್ತಾರೆ. ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟರೆ ಹಪ್ಪಳದಂತೆ ಸೊಟ್ಟಗಾದೀತು. ಪ್ರಿಂಟಿನ ಗೆರೆ ಹೋಗಲು ಪುಟ್ಟಿ ಹಚ್ಚಿ, ಒಣಗಿದ ಮೇಲೆ ಪಾಲಿಶ್ ಪೇಪರ್ ನೀರಲ್ಲಿ ಅದ್ದಿ ತಿಕ್ಕಿ, ಮತ್ತೆ ಪುಟ್ಟಿ. ಬೇಸರದ ಕೆಲಸ, ಆದರೆ ಇಲ್ಲಿ ಕೈ ಬಿಟ್ಟರೆ ಮೇಲೆ ಎಷ್ಟೇ ಒಳ್ಳೆಯ ಬಣ್ಣ ಹೊಡೆದರೂ ಗೆರೆ ಎದ್ದು ಕಾಣುತ್ತದೆ. ಬಣ್ಣವನ್ನು ಕಾರಿಗೆ ಪೇಂಟ್ ಹೊಡೆಯುವವರಿಗೇ ಬಿಡಿ. ಜಾಳಿಗೆಗೆ ಸಣ್ಣ ಕಣ್ಣಿನ ಸಾಣಿಗಿ ಕತ್ತರಿಸಿ ಬಂಗಾರದ ಸ್ಪ್ರೇ ಹೊಡೆದರೆ ನಡೆಯುತ್ತದೆ. ಟ್ರೈಕಾರ್ಡರ್‌ನ ಹೆಗಲಪಟ್ಟಿಗೆ ಬ್ಯಾಗ್ ರಿಪೇರಿಯವರೇ ಸಾಕು.

ಗುಂಡಿಗಳು ಮಾತ್ರ ಲೋಹದವೇ ಇರಲಿ. ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇಥ್ ಇರುವ ವರ್ಕ್‌ಶಾಪಿಗೆ ಹೋದರೆ ಮಾತು ಸಾಮಾನ್ಯವಾಗಿ ಹೀಗೆ ನಡೆಯುತ್ತದೆ:

“ಇದು ಯಾವ ಗಾಡೀ ಪಾರ್ಟ್ ರೀ?”

“ಗಾಡೀದಲ್ರೀ ಅಣ್ಣಾ, ಟಿವ್ಯಾಗಿನ ಫೋನಿಂದು.”

“ಒಂದ ಪೀಸಾ? ಒಂದಕ್ಕ ಸೆಟ್ಟಿಂಗ್ ಹಚ್ಚಿದ್ರ ನಿಮಗ ತುಟ್ಟಿ ಬೀಳತೈತಿ. ಹತ್ತ್ ಮಾಡ್ಸಿಬಿಡ್ರಿ.”

ಅವರು ಹೇಳುವುದು ನಿಜ. ಧಾರವಾಡದ ಇಬ್ಬರು, ಗದಗಿನ ಒಬ್ಬರು ಎಂದು ಆಸಕ್ತರನ್ನು ಕೂಡಿಸಿಕೊಂಡು ಒಟ್ಟಿಗೆ ಮಾಡಿಸಿದರೆ ಎಲ್ಲರಿಗೂ ಹಗುರ. ಬಾಯಲ್ಲಿ ವಿವರಿಸುವುದಕ್ಕಿಂತ ಮಿಲಿಮೀಟರ್ ಹಾಕಿದ ಚಿತ್ರ ಒಯ್ಯಿರಿ. ನಿಮ್ಮ ಸ್ವಂತಕ್ಕೆ ಮಾಡಿಕೊಳ್ಳುವುದು ಬೇರೆ, ಸ್ಟಾರ್ ಟ್ರೆಕ್ ಹೆಸರು ಹಾಕಿ ಮಾರುವುದು ಬೇರೆ. ಎರಡನೆಯದಕ್ಕೆ ಹಕ್ಕುದಾರರ ಲೈಸೆನ್ಸ್ ಬೇಕು.

ಬಂದ ಮೇಲೆ

ಪಾರ್ಸೆಲ್ ಬಿಚ್ಚುವುದನ್ನು ಮೊದಲಿನಿಂದ ಕೊನೆವರೆಗೆ ವಿಡಿಯೋ ಮಾಡಿ. ಒಡೆದಿದ್ದರೆ ದುಡ್ಡು ವಾಪಸ್ ಕೇಳಲು ಅದೇ ಆಧಾರ. ಡಬ್ಬಿ ಎಸೆಯಬೇಡಿ, ಮುಂದೆ ಮಾರುವಾಗ ಅದಕ್ಕೂ ಬೆಲೆಯಿದೆ. ಬಟನ್ ಸೆಲ್‌ಗಳನ್ನು ತೆಗೆದು ಬೇರೆ ಇಡಿ. ಬಹಳ ದಿನ ಒಳಗೇ ಬಿಟ್ಟರೆ ಸೋರಿ ಒಳಗಿನ ತಗಡು ತಿಂದುಹಾಕುತ್ತವೆ. ಫೇಸರ್ ಹಿಡಿದು ವಿಮಾನದಲ್ಲಿ ಹೋಗುವುದಿದ್ದರೆ ಕೈಚೀಲದಲ್ಲಿ ಬೇಡ, ಆಟಿಕೆ ಪಿಸ್ತೂಲನ್ನೂ ಕ್ಯಾಬಿನ್ನಿನೊಳಗೆ ಬಿಡುವುದಿಲ್ಲ. ಬ್ಯಾಟರಿ ಬಿಚ್ಚಿ, ಫೇಸರನ್ನು ಬಟ್ಟೆಗಳ ನಡುವೆ ಸುತ್ತಿ ಚೆಕ್-ಇನ್ ಬ್ಯಾಗಿಗೆ ಹಾಕಿ.