‘ಅಂಕಲ್, ಉಸಿರು ಬಿಡಿ’

ಪೆನ್ನು ಸೋಫಾದ ಕೆಳಗೆ ಉರುಳಿ ಹೋಯಿತು. ತೆಗೆಯಲು ನೆಲದ ಮೇಲೆ ಕೂತೆ. ಪೆನ್ನು ಸಿಕ್ಕಿತು, ಆದರೆ ಏಳೋದು ಅಷ್ಟು ಸುಲಭವಾಗಲಿಲ್ಲ. ಒಂದು ಕೈ ಸೋಫಾಗೆ ಕೊಟ್ಟು, ಇನ್ನೊಂದನ್ನು ಮೊಣಕಾಲಿನ ಮೇಲೆ ಊರಿ, ‘ಅಮ್ಮಾ’ ಅಂತ ನರಳಿ ಎದ್ದೆ. ಆಗ ನನಗೆ 44 ವರ್ಷ, ತೂಕ 86 ಕಿಲೋ. ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತಿತ್ತು. ಅದಕ್ಕೆ ಹೊಂದಿಕೊಂಡಿದ್ದೆ. ನೆಲದಿಂದ ಏಳಲು ಆಸರೆ ಬೇಕು ಅನ್ನೋದು ಮಾತ್ರ ಯಾಕೋ ಮನಸ್ಸಿಗೆ ಚುಚ್ಚಿತು.

ಅದಕ್ಕೆ ಮೊದಲು ಎರಡು ಸಲ ಜಿಮ್ ಸೇರಿ ಎರಡು ಸಲವೂ ಬಿಟ್ಟಿದ್ದೆ. ಟ್ರೆಡ್‌ಮಿಲ್ ಮೇಲೆ ನಿಂತು ಗಡಿಯಾರ ನೋಡುವುದೇ ವ್ಯಾಯಾಮ ಆಗಿತ್ತು. ಏನಾದರೂ ಕಲಿಯುವಂಥದ್ದು ಇದ್ದರೆ ಬಿಡಲಾರೆ ಅನ್ನಿಸಿ ಸಮರಕಲೆಗಳ ಕಡೆ ನೋಡಿದೆ. ಜೂಡೋ ಆರಿಸಿಕೊಂಡಿದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಕರಾಟೆ, ಟೇಕ್ವಾಂಡೋ ಅಂದರೆ ಕಾಲು ಎತ್ತಬೇಕು, ನನ್ನ ಕಾಲು ಸೊಂಟದ ಮಟ್ಟಕ್ಕೂ ಬರುತ್ತಿರಲಿಲ್ಲ. ಜೂಡೋ ಆಟದಲ್ಲಿ ಒದೆಯುವುದೂ ಇಲ್ಲ, ಗುದ್ದುವುದೂ ಇಲ್ಲ. ಬಟ್ಟೆ ಹಿಡಿಯಬೇಕು, ಎದುರಾಳಿಯ ಸಮತೋಲ ತಪ್ಪಿಸಿ ಕೆಡವಬೇಕು, ಅಷ್ಟೇ ಅಲ್ವಾ ಅಂದುಕೊಂಡೆ. ಇನ್ನೊಬ್ಬರನ್ನು ಕೆಡವುವ ಆಟದಲ್ಲಿ ಅರ್ಧ ಸಲ ನಾನೂ ಬೀಳಬೇಕು ಅನ್ನೋದು ಆಗ ಹೊಳೆಯಲೇ ಇಲ್ಲ.

ಸೇರುವ ಮುಂಚೆ ಡಾಕ್ಟರ್ ಹತ್ತಿರ ಹೋದೆ. ಇದೊಂದು ಕೆಲಸ ಸರಿಯಾಗಿ ಮಾಡಿದ್ದೆ. ಬಿಪಿ 142/92 ಇತ್ತು. ಇಸಿಜಿ ಮಾಡಿಸಿದರು, ಅದರಲ್ಲಿ ತೊಂದರೆ ಕಾಣಲಿಲ್ಲ. “ಹೋಗಿ, ಆದರೆ ಎರಡು ವಿಷಯ ನೆನಪಿಡಿ” ಅಂದರು. ಮೆಲ್ಲಗೆ ಶುರು ಮಾಡಿ ಅನ್ನೋದು ಒಂದು. ಭಾರ ಎತ್ತುವಾಗ, ತಳ್ಳುವಾಗ ಉಸಿರು ಕಟ್ಟಬೇಡಿ, ಬಿಪಿ ಆ ಕ್ಷಣಕ್ಕೆ ಜೋರಾಗಿ ಏರುತ್ತೆ ಅನ್ನೋದು ಇನ್ನೊಂದು. ತಲೆ ಆಡಿಸಿ ಬಂದೆ. ಎರಡನ್ನೂ ಪಾಲಿಸಲಿಲ್ಲ.

ಮೊದಲ ದಿನ ವಾರ್ಮಪ್ ಮುಗಿಯುವಷ್ಟರಲ್ಲೇ ನನ್ನ ಕಥೆ ಮುಗಿದಿತ್ತು. ಹದಿನೈದು ನಿಮಿಷ ಓಟ, ಪಲ್ಟಿ, ಕಪ್ಪೆ ಜಿಗಿತ. ಕ್ಲಾಸಿನಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಬಿಳಿ ಬೆಲ್ಟ್ ಕಟ್ಟಿಕೊಂಡಿದ್ದವರಲ್ಲಿ ನನ್ನ ಪಕ್ಕ ನಿಂತಿದ್ದ ಹುಡುಗನಿಗೆ ಹನ್ನೊಂದು ವರ್ಷ. ಬೆಲ್ಟ್ ಕಟ್ಟುವುದನ್ನು ನನಗೆ ಕಲಿಸಿದ್ದೂ ಅವನೇ.

ಮೂರು ವಾರ ನನ್ನಿಂದ ಯಾರನ್ನೂ ಕೆಡವಿಸಲಿಲ್ಲ. ಬರೀ ಬೀಳುವುದು. ಜೂಡೋದಲ್ಲಿ ಇದಕ್ಕೆ ಉಕೆಮಿ ಅಂತಾರೆ. ಹಿಂದಕ್ಕೆ ಬೀಳೋದು, ಪಕ್ಕಕ್ಕೆ ಬೀಳೋದು, ಮುಂದಕ್ಕೆ ಬೀಳೋದು, ಭುಜದ ಮೇಲೆ ಉರುಳೋದು. ಮೊದಲು ಕುಕ್ಕರಗಾಲಿನಲ್ಲಿ ಕೂತು, ಆಮೇಲೆ ನಿಂತು. ಗದ್ದವನ್ನು ಎದೆಗೆ ಒತ್ತಿ ಕಣ್ಣು ಬೆಲ್ಟಿನ ಗಂಟಿನ ಕಡೆ ಇರಬೇಕು, ಆಗ ತಲೆ ಹಿಂದಕ್ಕೆ ಬಡಿಯುವುದಿಲ್ಲ. ತೋಳು ಪೂರ್ತಿ ಚಾಚಿ, ಅಂಗೈ ಕೆಳಗೆ ಮಾಡಿ, ಮೈಯಿಂದ ಹೆಚ್ಚೆಂದರೆ 45 ಡಿಗ್ರಿ ದೂರದಲ್ಲಿ ಚಾಪೆಗೆ ಬಡಿಯಬೇಕು. ಹಾಗೆ ಮಾಡಿದರೆ ಪೆಟ್ಟು ಒಂದೇ ಜಾಗಕ್ಕೆ ಬೀಳದೆ ತೋಳು, ಬೆನ್ನು ಎಲ್ಲದಕ್ಕೂ ಹಂಚಿಹೋಗುತ್ತೆ. ಎಲ್ಲಕ್ಕಿಂತ ಮುಖ್ಯ, ಬೀಳುವಾಗ ಕೈ ಊರಬಾರದು. ಕೈ ಊರಿದರೆ ಇಡೀ ಮೈಭಾರ ಮಣಿಕಟ್ಟಿಗೆ, ಮೊಣಕೈಗೆ, ಭುಜದ ಮೂಳೆಗೆ ಹೋಗುತ್ತೆ.

ಹೇಳೋದು ಸುಲಭ. ಬೀಳುವಾಗ ಕೈ ಊರುವುದು ನಡೆಯಲು ಕಲಿತಾಗಿನಿಂದ ಮೈಗೆ ಅಂಟಿದ ಚಾಳಿ. ಹನ್ನೊಂದರ ಹುಡುಗ ರಬ್ಬರಿನಂತೆ ಉರುಳುತ್ತಿದ್ದ. ನಾನು ಬೀರು ಬಿದ್ದ ಹಾಗೆ ಬೀಳುತ್ತಿದ್ದೆ.

ಆಮೇಲೆ ಹಿಡಿತ, ಹೆಜ್ಜೆ, ಎರಡು ಎಸೆತ ಹೇಳಿಕೊಟ್ಟರು. ಕಾಲಿನ ಹಿಂಬದಿಯಿಂದ ಕೊಯ್ದು ಕೆಡವುವ ಓ-ಸೋಟೋ-ಗಾರಿ, ಸೊಂಟದ ಮೇಲೆ ಹೊತ್ತು ಉರುಳಿಸುವ ಓ-ಗೋಶಿ. ಕೆಡವದೆ ಬರೀ ಎಸೆಯುವ ಭಂಗಿಯವರೆಗೆ ಒಳಗೆ ನುಗ್ಗಿ ಹೊರಬರುವುದನ್ನು ಮತ್ತೆ ಮತ್ತೆ ಮಾಡುವುದಕ್ಕೆ ಉಚಿಕೋಮಿ ಅನ್ನುತ್ತಾರೆ. ಎರಡನೇ ತಿಂಗಳ ಕೊನೆಗೆ ರಾಂದೋರಿಗೆ ಬಿಟ್ಟರು, ಅಂದರೆ ಇಬ್ಬರೂ ನಿಜವಾಗಿ ಒಬ್ಬರನ್ನೊಬ್ಬರು ಕೆಡವಲು ನೋಡುವ ಅಭ್ಯಾಸ. ಮೂರು ನಿಮಿಷದ ಒಂದು ಸುತ್ತು.

ಒಂದೂವರೆ ನಿಮಿಷಕ್ಕೆ ನನ್ನ ಕಣ್ಣು ಕತ್ತಲೆ ಬಂತು. ಮುಂದೋಳು ಕಲ್ಲಾಗಿತ್ತು, ಬೆರಳು ಬಿಡಿಸಲೂ ಆಗುತ್ತಿರಲಿಲ್ಲ. ಕೈಗಡಿಯಾರ ತೆಗೆದಿಟ್ಟಿದ್ದೆ, ಗೋಡೆ ಹಿಡಿದು ಕತ್ತಿನಲ್ಲಿ ನಾಡಿ ಎಣಿಸಿದೆ. ನಿಮಿಷಕ್ಕೆ 170ರ ಮೇಲೆ. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತ ಅನ್ನೋ ಲೆಕ್ಕ ಅಂದಾಜು ಮಾತ್ರ, ಆದರೂ ನನ್ನ ಲೆಕ್ಕ 176. ಎಂಜಿನ್ ಕೆಂಪು ಗೆರೆ ಮುಟ್ಟಿತ್ತು ಅಂತ ಅರ್ಥ.

ನನಗೆ ಸ್ಟ್ಯಾಮಿನಾ ಇಲ್ಲ, ಅಷ್ಟೇ ಅಂತ ತೀರ್ಮಾನಿಸಿದೆ. ವಾರಕ್ಕೆ ಎರಡು ಕ್ಲಾಸ್ ಸಾಲದು ಅಂತ ನಾಲ್ಕು ಮಾಡಿದೆ. ಉಳಿದ ದಿನ ಓಟ. ಇಪ್ಪತ್ತು ವರ್ಷದ ಸಾಲವನ್ನು ಎರಡು ತಿಂಗಳಲ್ಲಿ ತೀರಿಸುವ ಆತುರ. ಒಂದು ತಿಂಗಳಲ್ಲಿ ಮೊಣಕಾಲು ನೋವು ಬಂತು, ನಿದ್ದೆ ಕೆಟ್ಟಿತು. ರಾಂದೋರಿಯಲ್ಲಿ ಮಾತ್ರ ಅದೇ ಒಂದೂವರೆ ನಿಮಿಷ. ಸ್ನಾಯುಗಳು ಬೇಗ ಪಳಗುತ್ತವೆ, ಅವನ್ನು ಮೂಳೆಗೆ ಕಟ್ಟಿರುವ ನಾರುಗಳಿಗೆ ಅದಕ್ಕಿಂತ ಜಾಸ್ತಿ ಕಾಲ ಬೇಕು. ಇದು ನನಗೆ ಗೊತ್ತಿರಲಿಲ್ಲ, ಮೊಣಕಾಲಿಗೆ ಗೊತ್ತಿತ್ತು.

ಹಾಗೆ ಸುಸ್ತಾಗಿದ್ದ ಒಂದು ಸಂಜೆ, ಸಾಮಾನ್ಯ ಎಸೆತವೊಂದಕ್ಕೆ ಮೈ ಬಿಗಿ ಹಿಡಿದು, ಬೀಳಲು ಒಪ್ಪದೆ, ಕೊನೇ ಗಳಿಗೆಯಲ್ಲಿ ಕೈ ಊರಿದೆ. ಎಡ ಮಣಿಕಟ್ಟು ಉಳುಕಿತು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ, ಪುಣ್ಯ. ಆರು ವಾರ ಚಾಪೆ ಹತ್ತುವಂತಿರಲಿಲ್ಲ. ಕೆಡವಿದ ಹುಡುಗ ಪಾಪ ಮೂರು ಸಲ ಕ್ಷಮೆ ಕೇಳಿದ. ತಪ್ಪು ಅವನದ್ದಲ್ಲ.

ಮನೆಯಲ್ಲೇ ಉಳಿಯಬೇಕು ಅಂದುಕೊಂಡಿದ್ದೆ. “ಮನೇಲಿ ಕೂತರೆ ಮತ್ತೆ ಬರಲ್ಲ. ಇಲ್ಲೇ ಬಂದು ಕೂತು ನೋಡಿ” ಅಂದರು ಮಾಸ್ಟರ್. ಸುಮ್ನೆ ಕೂತು ನೋಡುವುದರಲ್ಲಿ ಏನು ಸಿಗುತ್ತೆ ಅಂತ ಗೊಣಗುತ್ತಾ ಹೋದೆ. ಆ ಆರು ವಾರ ಇಲ್ಲದಿದ್ದರೆ ನಾನು ಇವತ್ತಿಗೆ ಜೂಡೋ ಬಿಟ್ಟಿರುತ್ತಿದ್ದೆ.

ನಮ್ಮಲ್ಲಿ ಅರವತ್ತು ದಾಟಿದ ಒಬ್ಬರು ಬ್ರೌನ್ ಬೆಲ್ಟಿನವರಿದ್ದಾರೆ, ಅಂದರೆ ಕಪ್ಪು ಬೆಲ್ಟಿಗೆ ಒಂದೇ ಮೆಟ್ಟಿಲು ಕೆಳಗೆ. ಸಣಕಲು ಮೈ. ಇಪ್ಪತ್ತರ ಹುಡುಗರ ಜೊತೆ ನಾಲ್ಕು ಸುತ್ತು ಆಡಿ, ಬೆವರು ಒರೆಸಿಕೊಂಡು ಮಾತಾಡುತ್ತಾ ಬರುತ್ತಿದ್ದರು. ನನಗಿಂತ ಅವರಿಗೆ ಸ್ಟ್ಯಾಮಿನಾ ಇರಬಹುದು, ಆದರೆ ಆ ಹುಡುಗರಿಗಿಂತ ಜಾಸ್ತಿ ಇರಲು ಸಾಧ್ಯವೇ? ಎರಡನೇ ವಾರ ಅವರನ್ನೇ ದಿಟ್ಟಿಸಿ ನೋಡಿದೆ. ಅವರ ಭುಜ ಕಿವಿಯ ಹತ್ತಿರ ಹೋಗುತ್ತಲೇ ಇರಲಿಲ್ಲ. ಮೊಣಕೈ ಕೆಳಗೆ, ಕೈ ಸಡಿಲ. ಹುಡುಗ ತಳ್ಳಿದರೆ ಒಂದು ಹೆಜ್ಜೆ ಹಿಂದೆ, ಎಳೆದರೆ ಒಂದು ಹೆಜ್ಜೆ ಮುಂದೆ. ಎಸೆಯುವ ಆ ಒಂದು ಗಳಿಗೆಯಲ್ಲಿ ಮಾತ್ರ ಬಿಗಿ, ಜೊತೆಗೆ ‘ಹುಫ್’ ಅಂತ ಉಸಿರು. ಎಸೆಸಿಕೊಂಡಾಗಲೂ ಅದೇ ‘ಹುಫ್’. ಸುತ್ತು ಪೂರ್ತಿ ಅವರ ಉಸಿರು ನನಗೆ ಗೋಡೆ ಪಕ್ಕ ಕೂತರೂ ಕೇಳಿಸುತ್ತಿತ್ತು. ಹೊಸಬರದ್ದು ಕೇಳಿಸುತ್ತಿರಲಿಲ್ಲ. ಅವರು ಉಸಿರಾಡುತ್ತಲೇ ಇರಲಿಲ್ಲ.

ಜೂಡೋ ಕಟ್ಟಿದ ಜಿಗೋರೋ ಕಾನೋ ಸಣ್ಣ ಮೈಕಟ್ಟಿನವರು. 1882ರಲ್ಲಿ ಟೋಕಿಯೋದ ಒಂದು ದೇವಾಲಯದಲ್ಲಿ ಕೊಡೊಕಾನ್ ಅನ್ನೋ ಶಾಲೆ ಶುರು ಮಾಡಿದಾಗ ಅವರಿಗೆ ಇಪ್ಪತ್ತೆರಡು ಕೂಡ ತುಂಬಿರಲಿಲ್ಲ. ‘ಜೂ’ ಅಂದರೆ ಮೃದು, ಬಗ್ಗಿಕೊಡುವ ಗುಣ. ಇರುವ ಶಕ್ತಿಯನ್ನು ಪೋಲು ಮಾಡದೆ ಸರಿಯಾಗಿ ಬಳಸುವುದು ಅವರು ಹಾಕಿಕೊಟ್ಟ ಮುಖ್ಯ ಸೂತ್ರ. ಇದನ್ನು ಮೊದಲ ವಾರವೇ ಮಾಸ್ಟರ್ ಹೇಳಿದ್ದರು. ಗೋಡೆ ಮೇಲೆ ಬರೆಯುವ ಸುಭಾಷಿತದ ಹಾಗೆ ಕೇಳಿಸಿಕೊಂಡಿದ್ದೆ. ಅದು ಸುಭಾಷಿತವಲ್ಲ, ನನ್ನಂಥ ದಮ್ಮಿಲ್ಲದವರಿಗೆ ಕೊಟ್ಟ ಲೆಕ್ಕಾಚಾರ ಅಂತ ಆಗ ತಿಳಿಯಿತು. ನಾನು ಮೂರು ನಿಮಿಷವೂ ಬಟ್ಟೆಯನ್ನು ಹಗ್ಗದಂತೆ ಹಿಡಿದು, ತೋಳು ಕಂಬದಂತೆ ಚಾಚಿ, ಉಸಿರು ಕಟ್ಟಿ ನಿಲ್ಲುತ್ತಿದ್ದೆ. ಕಾರಣ ಹೆದರಿಕೆ. ಬೀಳುವ ಹೆದರಿಕೆಗಿಂತ ಹುಡುಗರ ಮುಂದೆ ಬೀಳುವ ಹೆದರಿಕೆ.

ಗೊತ್ತಾದ ತಕ್ಷಣ ಸರಿಹೋಯಿತು ಅಂದರೆ ಸುಳ್ಳು. ಚಾಪೆಗೆ ಮರಳಿದ ಮೊದಲ ವಾರ ನೆಲದ ಹಿಡಿತದ ಅಭ್ಯಾಸ. ಹತ್ತೊಂಬತ್ತರ ಹುಡುಗನೊಬ್ಬ ನನ್ನ ತಲೆ, ತೋಳು ಸೇರಿಸಿ ಹಿಡಿದು ಎದೆಯ ಮೇಲೆ ಪಕ್ಕಕ್ಕೆ ಒರಗಿ ಕೂತ. ಕೇಸಾ-ಗತಾಮೆ ಅಂತ ಇದರ ಹೆಸರು. ಪಂದ್ಯದಲ್ಲಿ ಹೀಗೆ 20 ಸೆಕೆಂಡ್ ಹಿಡಿದಿಟ್ಟರೆ ಗೆದ್ದ ಹಾಗೆ. ನನಗೆ ಹತ್ತು ಸೆಕೆಂಡಿಗೆ ಸಾಯುತ್ತೇನೆ ಅನ್ನಿಸಿತು. ನೋವೇನೂ ಇರಲಿಲ್ಲ, ಬರೀ ಗಾಬರಿ. ಒದ್ದಾಡಿದೆ. ಅವನು ಬಿಗಿ ಸ್ವಲ್ಪ ಸಡಿಲಿಸಿ ಮೆಲ್ಲಗೆ, “ಅಂಕಲ್, ಉಸಿರು ಬಿಡಿ” ಅಂದ. ಬಿಟ್ಟೆ. ಎಷ್ಟೋ ಹೊತ್ತಿನಿಂದ ಒಳಗೇ ಇಟ್ಟುಕೊಂಡಿದ್ದ ಗಾಳಿ. ಬಿಟ್ಟ ಮೇಲೆ ಒಳಗೆ ಹೊಸ ಗಾಳಿಗೆ ಜಾಗವಾಯಿತು, ಎದೆ ಚಪ್ಪಟೆಯಾಗಿ ಅವನ ಕೆಳಗೆ ಸ್ವಲ್ಪ ಸಂದೂ ಸಿಕ್ಕಿತು. ತಪ್ಪಿಸಿಕೊಳ್ಳಲು ಆಗಲಿಲ್ಲ. ಆದರೆ ಪೂರ್ತಿ ಒಂದು ನಿಮಿಷ ಅವನ ಕೆಳಗೆ ಮಲಗಿ ಉಸಿರಾಡಿದೆ. ಡಾಕ್ಟರ್ ಹೇಳಿದ್ದು ಆಗ ನೆನಪಾಯಿತು.

ಆಮೇಲೆ ಅಭ್ಯಾಸದ ರೀತಿಯನ್ನೇ ಬದಲಿಸಿಕೊಂಡೆ. ಉಚಿಕೋಮಿ ಮಾಡುವಾಗ ಪ್ರತಿ ಸಲ ಒಳನುಗ್ಗುವಾಗ ಬಾಯಿಬಿಟ್ಟು ಎಣಿಸುತ್ತೇನೆ. ‘ಒಂದು, ಎರಡು’ ಅಂತ ದನಿ ತೆಗೆದರೆ ಉಸಿರು ಕಟ್ಟಲು ಆಗುವುದೇ ಇಲ್ಲ, ಇದು ನನ್ನ ಕಳ್ಳದಾರಿ. ಬಟ್ಟೆಯನ್ನು ಕಿರುಬೆರಳು, ಉಂಗುರ ಬೆರಳಿನಿಂದ ಹಿಡಿದು ತೋರುಬೆರಳು ಸಡಿಲ ಬಿಡುವುದನ್ನು ಆ ಬ್ರೌನ್ ಬೆಲ್ಟಿನವರು ಹೇಳಿಕೊಟ್ಟರು. ಮುಂದೋಳು ಬೇಗ ಕಲ್ಲಾಗುವುದಿಲ್ಲ. ರಾಂದೋರಿಯಲ್ಲಿ ಒಂದು ತಿಂಗಳು ಗೆಲ್ಲುವ ಆಸೆಯನ್ನೇ ಬಿಟ್ಟು, ಎಸೆತ ಬಂದರೆ ತಡೆಯದೆ ಬಿದ್ದೆ. ಒಂದು ಸಂಜೆಗೆ ಮೂವತ್ತು, ನಲವತ್ತು ಸಲ. ಬೀಳುವುದು, ಏಳುವುದು. ಈ ಏಳುವುದೇ ನಿಜವಾದ ವ್ಯಾಯಾಮ ಅಂತ ತೊಡೆಗಳು ಮಾರನೇ ದಿನ ಹೇಳಿದವು.

ಕ್ಲಾಸನ್ನು ವಾರಕ್ಕೆ ಎರಡಕ್ಕೆ ಇಳಿಸಿದೆ, ನಡುವೆ ಕಡೇ ಪಕ್ಷ ಎರಡು ದಿನ ಅಂತರ. ಮೈಕೈ ನೋವು ಮಾರನೇ ದಿನಕ್ಕಿಂತ ಅದರ ಮಾರನೇ ದಿನ ಜಾಸ್ತಿ ಇರುತ್ತೆ, ಆ ದಿನ ಮತ್ತೆ ಚಾಪೆ ಹತ್ತಿದರೆ ಪೆಟ್ಟು ಗ್ಯಾರಂಟಿ. ಉಳಿದ ದಿನಗಳಲ್ಲಿ ಎರಡು ದಿನ ಅರ್ಧ ಗಂಟೆ ಬಿರುಸಿನ ನಡಿಗೆ, ಮಾತಾಡಲು ಆಗಬೇಕು ಆದರೆ ಹಾಡಲು ಆಗಬಾರದು ಅಷ್ಟು ವೇಗ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಅನ್ನುತ್ತೆ. ತೊಂಬತ್ತು ನಿಮಿಷದ ಎರಡು ಕ್ಲಾಸಿನಲ್ಲೇ ಅದು ಹೆಚ್ಚುಕಡಿಮೆ ಆಗಿಹೋಗುತ್ತೆ. ಮನೆಯಲ್ಲಿ ದಿನಾ ಹತ್ತು ಬೈಠಕ್ ಮೂರು ಸಲ, ಆಮೇಲೆ ಕೈ ಊರದೆ ನೆಲದಿಂದ ಐದು ಸಲ ಏಳುವುದು. ಅಷ್ಟೇ.

ಹೊಸದಾಗಿ ಸೇರುವ ನನ್ನ ವಯಸ್ಸಿನವರು ಕೇಳಿದರೆ ಜೋಡಿಯ ಬಗ್ಗೆ ಒಂದು ಮಾತು ಹೇಳುತ್ತೇನೆ. ಹೊಸಬರಿಗೆ ಹೊಸಬರು ಅಪಾಯ. ಇಬ್ಬರಿಗೂ ಬೀಳಲು ಬರುವುದಿಲ್ಲ, ಬೀಳಿಸಲೂ ಬರುವುದಿಲ್ಲ, ಇಬ್ಬರೂ ಮೈ ಬಿಗಿ ಹಿಡಿದಿರುತ್ತಾರೆ. ಕಪ್ಪು ಬೆಲ್ಟಿನವರು ತೋಳು ಬಿಡದೆ ಹಿಡಿದು ಮೆತ್ತಗೆ ಇಳಿಸುತ್ತಾರೆ. ಅವರ ಹತ್ತಿರ ಹೋಗಿ, ನಾಚಿಕೆ ಬಿಟ್ಟು ಕೇಳಿ. ಬೇಡ ಅನ್ನಿಸಿದಾಗ ಚಾಪೆಯನ್ನೋ ಜೋಡಿಯ ಮೈಯನ್ನೋ ಎರಡು ಸಲ ತಟ್ಟಿದರೆ ಬಿಟ್ಟುಬಿಡುತ್ತಾರೆ, ಅದೂ ನಾಚಿಕೆಯ ವಿಷಯ ಅಲ್ಲ. ಬೀಳುವಾಗ ಕೈ ಊರುವ ಚಾಳಿ ಬಿಡುವವರೆಗೆ ರಾಂದೋರಿಗೆ ಇಳಿಯಬೇಡಿ, ಮಾಸ್ಟರ್ ಬಿಟ್ಟರೂ ಇಳಿಯಬೇಡಿ. ಹಾಂ, ಉಗುರು ಕತ್ತರಿಸಿಕೊಂಡು ಹೋಗಿ. ಇಲ್ಲದಿದ್ದರೆ ಹನ್ನೊಂದರ ಹುಡುಗ ಕೂಡ ಬೈತಾನೆ.

ತೂಕದ ಆಸೆ ಇಟ್ಟುಕೊಂಡು ಬಂದವರಿಗೆ ನನ್ನ ಅಂಕಿ ನಿರಾಸೆ ತರಬಹುದು. ಒಂದು ವರ್ಷಕ್ಕೆ ಇಳಿದಿದ್ದು ನಾಲ್ಕು ಕಿಲೋ. ಪ್ಯಾಂಟು ಮಾತ್ರ ಎರಡು ಇಂಚು ಸಡಿಲ. ಬೆಳಿಗ್ಗೆ ಎದ್ದಾಗಿನ ನಾಡಿ 84 ಇದ್ದದ್ದು 68ಕ್ಕೆ ಬಂದಿದೆ. ಬಿಪಿ 128/82, ಮಾತ್ರೆ ಇಲ್ಲದೆ. ಇದರಲ್ಲಿ ಜೂಡೋ ಎಷ್ಟು, ನಡಿಗೆ ಎಷ್ಟು, ಸರಿಯಾದ ನಿದ್ದೆ ಎಷ್ಟು ಅಂತ ಬಿಡಿಸಿ ಹೇಳಲಾರೆ. ಡಾಕ್ಟರ್ ಅಂತೂ ಎರಡನೇ ಸಲ ಬಿಪಿ ಪಟ್ಟಿ ಸುತ್ತಿ ಖಾತ್ರಿ ಮಾಡಿಕೊಂಡರು.

ವಯಸ್ಸಾಯಿತು ಅಂತ ಗೊಣಗಿದಾಗಲೆಲ್ಲ ಮಾಸ್ಟರ್ ಕೇಕೊ ಫುಕುದಾ ಹೆಸರು ತೆಗೆಯುತ್ತಾರೆ. ಕಾನೋ ಅವರ ನೇರ ಶಿಷ್ಯೆ, 2011ರಲ್ಲಿ 98ನೇ ವಯಸ್ಸಿನಲ್ಲಿ ಅಮೆರಿಕದಲ್ಲಿ ಹತ್ತನೇ ದಾನ್, ಅಂದರೆ ಕಪ್ಪು ಬೆಲ್ಟಿನ ಹತ್ತನೇ ದರ್ಜೆ, ಪಡೆದವರು. ಈ ಉದಾಹರಣೆಯಿಂದ ನನಗೆ ಹುಮ್ಮಸ್ಸು ಬರುವುದಕ್ಕಿಂತ ನೆಪಗಳು ಕೈತಪ್ಪುವುದೇ ಜಾಸ್ತಿ.

ಹತ್ತನೇ ತಿಂಗಳಲ್ಲಿ ಹಳದಿ ಬೆಲ್ಟ್ ಬಂತು. ಮೂರು ಸುತ್ತು ರಾಂದೋರಿ ಈಗ ಮುಗಿಸುತ್ತೇನೆ, ಮೂರನೆಯದರ ಕೊನೆಗೆ ಭುಜ ಮತ್ತೆ ಕಿವಿಯ ಹತ್ತಿರ ಏರುತ್ತೆ. ಬಲಕ್ಕೆ ಬೀಳುವುದು ಸಲೀಸು. ಎಡಕ್ಕೆ ಬೀಳುವಾಗ ಮಣಿಕಟ್ಟಿಗೆ ಹಳೇ ನೆನಪು, ಈಗಲೂ ಬೀರು ಬಿದ್ದ ಸದ್ದು. ಕಿತ್ತಳೆ ಬೆಲ್ಟಿನ ಪರೀಕ್ಷೆಯಲ್ಲಿ ಎರಡೂ ಕಡೆ ಬಿದ್ದು ತೋರಿಸಬೇಕು. ಹನ್ನೊಂದರ ಹುಡುಗನಿಗೆ ಈಗ ಹನ್ನೆರಡು. ಅವನ ಎಡ ಉಕೆಮಿ ಚೆನ್ನಾಗಿದೆ. ಮುಂದಿನ ವಾರದಿಂದ ಕ್ಲಾಸಿಗೆ ಕಾಲು ಗಂಟೆ ಮುಂಚೆ ಬಂದು ನನಗೆ ಕಲಿಸಿಕೊಡಲು ಒಪ್ಪಿದ್ದಾನೆ.