ಹಳೆಯ ಯೆಜ್ಡಿಯನ್ನು ಕಲಬುರಗಿಯಿಂದ ಮೈಸೂರಿಗೆ ರೈಲಿನಲ್ಲಿ ಕಳಿಸಿದ ಬಗೆ

ಅಪ್ಪನ 1984ರ ಯೆಜ್ಡಿ ರೋಡ್‌ಕಿಂಗ್ ಬೈಕ್ ತಯಾರಾದದ್ದು ಮೈಸೂರಿನಲ್ಲೇ. ದುರಸ್ತಿಗೆ ಅಲ್ಲಿಗೇ ಕಳಿಸಬೇಕಿತ್ತು. ಪಾರ್ಸೆಲ್ ಕೌಂಟರ್‌ನಲ್ಲಿ ಎರಡು ಬಾರಿ ವಾಪಸಾಯಿತು. ಕಾರಣ ಒಂದೇ: ಪೆಟ್ರೋಲ್ ವಾಸನೆ. ಪ್ರಯಾಣಿಕರ ರೈಲಿನ ಲಗೇಜ್ ಡಬ್ಬಿಗೆ ಹೋಗುವ ಗಾಡಿಯಲ್ಲಿ ಹನಿ ಇಂಧನವೂ ಇರಬಾರದು. ಆ ನಿಯಮ ಸರಿಯಾದದ್ದೇ.

ಮೊದಲು ಟ್ಯಾಂಕಿನ ಪೆಟ್ರೋಲ್ ನಲ್ಲಿ ಮುಚ್ಚಿ ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದೆ. ಪ್ರಯೋಜನವಾಗಲಿಲ್ಲ. ಆಮೇಲೆ ಪೈಪ್ ಕಿತ್ತು ಕ್ಯಾನಿಗೆ ಬಸಿದೆ. ಆಗಲೂ ಗಾಡಿ ಅಲುಗಿಸಿದರೆ ಒಳಗೆ ಕುಲುಕುವ ಸದ್ದು. ಟ್ಯಾಂಕ್ ಚೌಕಟ್ಟಿನ ಮೇಲೆ ಜೀನಿನಂತೆ ಕೂರುವುದರಿಂದ ನಲ್ಲಿಯಿಲ್ಲದ ಮಗ್ಗುಲಲ್ಲಿ ಪೆಟ್ರೋಲ್ ನಿಂತುಬಿಡುತ್ತದೆ.

ಕೊನೆಗೆ ಫಲಿಸಿದ ಕ್ರಮ ಇದು. ಹಿಂದಿನ ದಿನವೇ ಟ್ಯಾಂಕನ್ನು ಪೂರ್ತಿ ಬಿಚ್ಚಿ, ಬಯಲಿನಲ್ಲಿ ಬೋರಲು ಹಾಕಿ ಬಸಿಯಿರಿ. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಇಂಜಿನ್‌ಗೆ ಕೊಡುವ ಕಾರ್ಬೊರೇಟರ್‌ನ ಕೆಳಬಟ್ಟಲು ತೆಗೆದು ಬಟ್ಟೆಯಿಂದ ಒರೆಸಿರಿ. ಎಲ್ಲರೂ ಮರೆಯುವುದು ಇದನ್ನೇ. ಟ್ಯಾಂಕಿನ ಮುಚ್ಚಳ ತೆರೆದು ರಾತ್ರಿಯಿಡೀ ಗಾಳಿಗೆ ಬಿಡಿ, ಹತ್ತಿರ ಬೆಂಕಿ ಬೇಡ. ಬೆಳಿಗ್ಗೆ ಮೂಸಿ ನೋಡಿ ಜೋಡಿಸಿರಿ.

ಯೆಜ್ಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಅದು ಬಾಗಿದರೆ ಎರಡೂ ಕೆಟ್ಟಂತೆ. ಅದಕ್ಕೆ ಹುಲ್ಲು ಸುತ್ತಿ, ತೊಗರಿಯ ಗೋಣಿಚೀಲದಿಂದ ಬಿಗಿದೆ. ಹೆಡ್‌ಲೈಟಿಗೂ ಹಾಗೆಯೇ. ಕನ್ನಡಿ ಕಳಚಿ ಬೇರೆ ಇಟ್ಟುಕೊಂಡೆ.

ಆರ್‌ಸಿ ಮತ್ತು ಗುರುತಿನ ಚೀಟಿಯ ನಕಲು ಒಯ್ಯಿರಿ. ಎರಡೂ ನಿಲ್ದಾಣಗಳ ಹೆಸರು, ಫೋನ್ ಸಂಖ್ಯೆ ಬರೆದ ರಟ್ಟನ್ನು ಎರಡು ಕಡೆ ಕಟ್ಟಿರಿ. ಮೂರನೆಯ ಬಾರಿ ಗಾಡಿ ಬಸವ ಎಕ್ಸ್‌ಪ್ರೆಸ್ ಏರಿತು, ಗೀರಿಲ್ಲದೆ ಮೈಸೂರಿನಲ್ಲಿ ಇಳಿಯಿತು.