ಹಿಮ ಕರಗಿತು, ಮಣ್ಣು ಇನ್ನೂ ಹದಕ್ಕೆ ಬಂದಿಲ್ಲ

ನಾವು ಅಮೆರಿಕದ ಮಿನಿಸೋಟದಲ್ಲಿ ಮನೆ ತೆಗೆದುಕೊಂಡಿದ್ದು 2018ರ ಬೇಸಿಗೆಯಲ್ಲಿ. ಮಿನಿಯಾಪೊಲಿಸ್‌ನಿಂದ ಅರ್ಧ ಗಂಟೆ ದಾರಿ. ಮನೆಯ ಮುಂದೆ ಹಿಂದೆ ಸೇರಿ ಸುಮಾರು 5,000 ಚದರ ಅಡಿ ಲಾನ್. ನಾನು ಹಾಸನದ ಕಡೆಯ ಹಳ್ಳಿಯಲ್ಲಿ ಬೆಳೆದವನು. ಹುಲ್ಲು ಅಂದರೆ ನಮಗೆ ಎರಡೇ ಲೆಕ್ಕ: ದನಕ್ಕೆ ಹಾಕುವುದು, ಇಲ್ಲವೇ ಹೊಲದಿಂದ ಕಿತ್ತು ಬದುವಿಗೆ ಎಸೆಯುವುದು. ಹುಲ್ಲನ್ನೇ ಬೆಳೆಯ ಹಾಗೆ ಸಾಕುವುದನ್ನು ಕಲಿತಿದ್ದು ಇಲ್ಲಿಗೆ ಬಂದ ಮೇಲೆ.

ಮೊದಲ ಚಳಿಗಾಲವೇ ಜೋರಾಗಿತ್ತು. 2019ರ ಜನವರಿ 30ರಂದು ಮೈನಸ್ 28 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮೈನಸ್ 33 ಸೆಲ್ಸಿಯಸ್. ಅದರ ಹಿಂದೆಯೇ ಫೆಬ್ರುವರಿ ಒಂದೇ ತಿಂಗಳಲ್ಲಿ 39 ಇಂಚು ಹಿಮ ಬಿತ್ತು. ಫೆಬ್ರುವರಿ ಮಟ್ಟಿಗೆ ಇಲ್ಲಿ ಅದು ದಾಖಲೆ. ಮಾರ್ಚ್ ಮಧ್ಯದಲ್ಲಿ ಬಿಸಿಲು ಬಿತ್ತು. ಎರಡು ವಾರದಲ್ಲಿ ಹಿಮ ಕರಗಿ ಹೋಯಿತು. ಕೆಳಗಿನಿಂದ ಎದ್ದ ಲಾನ್ ನೋಡಿ ಹೊಟ್ಟೆ ತೊಳಸಿದ ಹಾಗಾಯಿತು. ಒದ್ದೆ ಗೋಣಿಚೀಲ ಹಾಸಿದ ಹಾಗೆ ಕಂದು ಬಣ್ಣ. ಅಲ್ಲಲ್ಲಿ ಬಿಳಿ ಬೂಷ್ಟು. ಹಿಂದಿನ ಅಂಗಳದ ತುಂಬ ಯಾರೋ ಬೆರಳಿನಲ್ಲಿ ಗೀಚಿದ ಹಾಗೆ ವಕ್ರ ಗೆರೆಗಳು. ರಸ್ತೆ ಬದಿಯಲ್ಲಿ ಹಿಮ ತಳ್ಳುವ ಲಾರಿ ಒಂದಡಿ ಅಗಲದ ಹುಲ್ಲನ್ನು ಚಾಪೆ ಸುತ್ತಿದ ಹಾಗೆ ಸುತ್ತಿಟ್ಟಿತ್ತು.

ಆ ಶನಿವಾರವೇ ಅಂಗಡಿಗೆ ಹೋಗಿ ಕಬ್ಬಿಣದ ಹಲ್ಲಿನ ದೊಡ್ಡ ರೇಕ್ ತಂದೆ. ಬೂಟು ಹಾಕಿಕೊಂಡು ಬೆಳಿಗ್ಗೆಯಿಂದ ಸಂಜೆವರೆಗೆ ಎಳೆದೆ. ಹೆಜ್ಜೆ ಇಟ್ಟಲ್ಲೆಲ್ಲ ಪಚಪಚ ಅಂತ ನೀರು. ರೇಕಿಗೆ ಸತ್ತ ಹುಲ್ಲಿನ ಜೊತೆ ಜೀವ ಇರುವ ಹುಲ್ಲೂ ಬೇರು ಸಮೇತ ಬಂತು. ನಾನು ಅದನ್ನೂ ಸಂತೋಷವಾಗಿಯೇ ಚೀಲಕ್ಕೆ ತುಂಬಿದೆ. ಏಪ್ರಿಲ್ ಎರಡನೇ ವಾರ ಮತ್ತೆ ಹಿಮ ಬಿತ್ತು! ಅದೂ ಕರಗಿದ ಮೇಲೆ ನೋಡಿದರೆ, ನಾನು ಓಡಾಡಿದ ಜಾಗವೆಲ್ಲ ಗುಂಡಿ ಗುಂಡಿ. ಒಣಗಿದ ಮೇಲೆ ಮಣ್ಣು ಹೆಂಚಿನ ಹಾಗೆ ಗಟ್ಟಿಯಾಯಿತು. ಆ ವರ್ಷ ಪೂರ್ತಿ ಅಲ್ಲಿ ಹುಲ್ಲು ಸರಿಯಾಗಿ ಬರಲಿಲ್ಲ.

ಫೋನಿನಲ್ಲಿ ಅಪ್ಪನಿಗೆ ಹೇಳಿದೆ. "ಒದ್ದೆ ನೆಲ ತುಳಿದ್ಯೇನಪ್ಪ? ಹದ ನೋಡ್ಬಾರ್ದಾ? ಇಂಜಿನಿಯರ್ ಆದ್ಮೇಲೆ ಅಷ್ಟೂ ಮರ್ತೋಯ್ತಾ?" ಅಂದರು. ನಾಚಿಕೆಯಾಯಿತು. ಮಳೆ ಬಿದ್ದ ಮಾರನೇ ದಿನ ಅಪ್ಪ ಯಾವತ್ತೂ ಹೊಲಕ್ಕೆ ನೇಗಿಲು ಇಳಿಸಿದವರಲ್ಲ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಮಾಡುತ್ತಿದ್ದರು. ಬೆರಳಿನಿಂದ ತಟ್ಟಿದರೆ ಉಂಡೆ ಪುಡಿಯಾಗಬೇಕು. ಅಂಟಿಕೊಂಡೇ ಇದ್ದರೆ ಆ ದಿನ ಕೆಲಸ ಇಲ್ಲ. ಇಲ್ಲಿನ ವಿಶ್ವವಿದ್ಯಾಲಯದವರು ತೋಟಗಾರರಿಗೆ ಹೇಳುವುದೂ ಇದೇ ಪರೀಕ್ಷೆ. ಒದ್ದೆ ಮಣ್ಣನ್ನು ತುಳಿದರೆ ಅದರೊಳಗಿನ ಗಾಳಿಯ ಜಾಗ ಮುಚ್ಚಿಹೋಗುತ್ತದೆ. ಬೇರಿಗೆ ಉಸಿರಿಲ್ಲ, ನೀರು ಇಳಿಯುವುದಿಲ್ಲ. ಚಳಿ ದೇಶದಲ್ಲಿ ಇನ್ನೂ ಒಂದು ತೊಡಕಿದೆ. ಮೇಲಿನ ಮೂರು ನಾಲ್ಕು ಇಂಚು ಕರಗಿದರೂ ಕೆಳಗೆ ಮಣ್ಣು ಹೆಪ್ಪುಗಟ್ಟಿಯೇ ಇರುತ್ತದೆ. ನೀರಿಗೆ ಇಳಿಯಲು ದಾರಿಯೇ ಇಲ್ಲ. ಅದಕ್ಕೇ ಅಷ್ಟೊಂದು ಪಚಪಚ.

ಈಗ ನಾನು ಮಾರ್ಚಿನಲ್ಲಿ ಕಾಂಕ್ರೀಟಿನ ಮೇಲೆ ನಿಂತು ಕೈಗೆ ಸಿಕ್ಕ ಕೊಂಬೆ, ಪ್ಲಾಸ್ಟಿಕ್ ಕವರ್ ಎತ್ತುತ್ತೇನೆ, ಅಷ್ಟೇ. ಲಾನಿಗೆ ಕಾಲಿಡುವುದು ಏಪ್ರಿಲ್ ಮಧ್ಯ ಅಥವಾ ಕೊನೆಗೆ, ಉಂಡೆ ಪುಡಿಯಾದ ಮೇಲೆ. ಕಬ್ಬಿಣದ ರೇಕ್ ಗ್ಯಾರೇಜಿನಲ್ಲಿ ತೂಗುಹಾಕಿದೆ. ಎಲೆ ಗುಡಿಸುವ ಬೀಸಣಿಗೆ ಆಕಾರದ ರೇಕ್ ಸಾಕು. ತಲೆ ಬಾಚುವ ಹಾಗೆ ಹಗುರವಾಗಿ ಎಳೆಯಬೇಕು.

ಕಂದು ಬಣ್ಣ ನೋಡಿ ಹೆದರುವುದನ್ನೂ ಬಿಟ್ಟಿದ್ದೇನೆ. ಇಲ್ಲಿನ ಲಾನುಗಳಲ್ಲಿ ಹೆಚ್ಚಾಗಿ ಇರುವುದು ಕೆಂಟಕಿ ಬ್ಲೂಗ್ರಾಸ್. ಅದು ಚಳಿಗೆ ಸಾಯುವುದಿಲ್ಲ, ಮಲಗುತ್ತದೆ. ಬುಡವನ್ನು ಬಿಡಿಸಿ ನೋಡಿದರೆ ಬಿಳಿಯೋ ತಿಳಿ ಹಸಿರೋ ಕಾಣುತ್ತದೆ. ಮೆಲ್ಲಗೆ ಎಳೆದಾಗ ಕಿತ್ತು ಬರದಿದ್ದರೆ ಜೀವ ಇದೆ ಅಂತ ಅರ್ಥ. ಮಣ್ಣಿನೊಳಗೆ ಬೇರಿನಂಥ ಕಾಂಡಗಳನ್ನು ಹರಿಸಿ ಪಕ್ಕದ ಖಾಲಿ ಜಾಗವನ್ನೂ ತಾನೇ ತುಂಬಿಕೊಳ್ಳುತ್ತದೆ. ನಮ್ಮ ಗರಿಕೆಯ ಬುದ್ಧಿಯೇ, ಆದರೆ ಗರಿಕೆ ಬಿಸಿಲಿನ ಹುಲ್ಲು. ಇಲ್ಲಿನ ಚಳಿ ಅದಕ್ಕೆ ಆಗುವುದಿಲ್ಲ. ಊರಲ್ಲಿ ಅಪ್ಪ ವರ್ಷವಿಡೀ ಗರಿಕೆ ಕೀಳುತ್ತಾರೆ. ಇಲ್ಲಿ ಗಣೇಶನ ಹಬ್ಬಕ್ಕೆ ನಾವು ಲಾನಿನ ಹುಲ್ಲನ್ನೇ ಏರಿಸಿ ಕೈಮುಗಿಯುತ್ತೇವೆ.

ಬಿಳಿ ಬೂಷ್ಟಿಗೆ ಸ್ನೋ ಮೋಲ್ಡ್ ಅನ್ನುತ್ತಾರೆ. ಬೂದು ಬಣ್ಣದ್ದು, ಗುಲಾಬಿ ಬಣ್ಣದ್ದು ಎಂದು ಎರಡು ಜಾತಿ. ಹಿಮದ ಹೊದಿಕೆ ತುಂಬ ದಿನ ಕೂತಾಗ ಅದರ ಕೆಳಗೆ ಬೆಳೆಯುವ ಶಿಲೀಂಧ್ರ. ಮೊದಲ ವರ್ಷ ಅಂಗಡಿಯವನ ಮಾತು ಕೇಳಿ ದುಡ್ಡು ಕೊಟ್ಟು ಔಷಧಿ ತಂದು ಹೊಡೆದೆ. ಸುಮ್ನೆ ದಂಡ. ಹಿಮ ಕರಗಿ ಗಾಳಿ ಬಿಸಿಲು ತಾಗಿದರೆ ಅದು ತಾನೇ ನಿಲ್ಲುತ್ತದೆ. ಅಂಟಿಕೊಂಡ ಎಲೆಗಳನ್ನು ರೇಕಿನಿಂದ ಬಿಡಿಸಿ ಎಬ್ಬಿಸಿದರೆ ಸಾಕು. ಧೂಳು ಮೂಗಿಗೆ ಆಗದವರು ಆಗ ಮಾಸ್ಕ್ ಹಾಕಿಕೊಳ್ಳುವುದು ಒಳ್ಳೆಯದು. ಇದರ ನಿಜವಾದ ಮದ್ದು ಹಿಂದಿನ ಶರತ್ಕಾಲದಲ್ಲಿದೆ. ಹಿಮ ಬೀಳುವ ಮೊದಲು ಹುಲ್ಲನ್ನು ಉದ್ದ ಬಿಡಬಾರದು, ಉದುರಿದ ಎಲೆ ಕೊಳೆಯಲು ಬಿಡಬಾರದು. ನಾನು ಎರಡೂ ತಪ್ಪು ಮಾಡಿದ್ದೆ. ಮೇಪಲ್ ಎಲೆಗಳನ್ನು 'ಗೊಬ್ಬರ ಆಗುತ್ತೆ ಬಿಡು' ಅಂತ ಹಾಗೇ ಬಿಟ್ಟಿದ್ದೆ.

ವಕ್ರ ಗೆರೆಗಳನ್ನು ನೋಡಿ ಹೆಂಡತಿ, "ರೀ, ಹಾವೇನ್ರೀ?" ಅಂದಳು. ಹಾವಲ್ಲ, ವೋಲ್. ಇಲಿಯ ಹಾಗಿರುವ, ಮೋಟು ಬಾಲದ ಪುಟ್ಟ ಪ್ರಾಣಿ. ಚಳಿಗಾಲ ಪೂರ್ತಿ ಹಿಮದ ಕೆಳಗೆ ಓಣಿ ಮಾಡಿಕೊಂಡು, ಹುಲ್ಲು ಮೇಯುತ್ತಾ ಓಡಾಡಿರುತ್ತದೆ. ಮೇಲೆ ಹಿಮ ಇರುವುದರಿಂದ ಗೂಬೆ ನರಿಗಳ ಕಣ್ಣಿಗೂ ಬೀಳುವುದಿಲ್ಲ. ನೋಡಲು ಭೀಕರ, ಆದರೆ ಬುಡ ಉಳಿದಿರುತ್ತದೆ. ಕತ್ತರಿಸಿ ಬಿಟ್ಟ ಹುಲ್ಲನ್ನು ಗುಡಿಸಿ ತೆಗೆದೆ. ಮೇ ಕೊನೆಗೆ ಗೆರೆಗಳೆಲ್ಲ ಮುಚ್ಚಿಹೋದವು.

ಎರಡನೇ ದೊಡ್ಡ ತಪ್ಪು ಬೀಜದ್ದು. ಅದೇ 2019ರ ಏಪ್ರಿಲ್ ಕೊನೆಯಲ್ಲಿ ಕ್ರ್ಯಾಬ್‌ಗ್ರಾಸ್ ಅನ್ನುವ ಕಳೆ ಮೊಳೆಯದ ಹಾಗೆ ತಡೆಯುವ ಪುಡಿಯನ್ನು ಲಾನ್ ತುಂಬ ಎರಚಿದೆ. ಒಂದು ವಾರ ಬಿಟ್ಟು ಬೋಳು ಜಾಗಗಳಿಗೆ ಹುಲ್ಲಿನ ಬೀಜ ಚೆಲ್ಲಿದೆ. ದಿನಾ ಎರಡು ಹೊತ್ತು ನೀರು. ಮೂರು ವಾರ ಆಯಿತು, ನಾಲ್ಕು ವಾರ ಆಯಿತು, ಒಂದು ಮೊಳಕೆ ಇಲ್ಲ. ಪಕ್ಕದ ಮನೆಯ ಅಜ್ಜ ಬೇಲಿಯ ಆಚೆ ನಿಂತು ದಿನಾ ನೋಡುತ್ತಿದ್ದರಂತೆ. ಕೊನೆಗೆ ಒಂದು ದಿನ, "ಮೊಳಕೆ ಬರದಿರೋ ಔಷಧಿ ಹಾಕಿ ಮೊಳಕೆಗೆ ಕಾಯ್ತಾ ಇದ್ದೀಯಲ್ಲಪ್ಪ" ಅನ್ನುವ ಅರ್ಥದಲ್ಲಿ ನಕ್ಕರು. ಆ ಪುಡಿಗೆ ಕಳೆಯ ಬೀಜ, ಒಳ್ಳೆಯ ಬೀಜ ಅಂತ ಗೊತ್ತಾಗುವುದಿಲ್ಲ. ಮಣ್ಣಿನ ಮೇಲ್ಪದರದಲ್ಲಿ ಪರದೆಯ ಹಾಗೆ ನಿಂತು, ಮೊಳೆಯುವಾಗ ಎರಡನ್ನೂ ಕೊಲ್ಲುತ್ತದೆ. ಎರಡು ಮೂರು ತಿಂಗಳು, ಕೆಲವೊಮ್ಮೆ ಅದಕ್ಕೂ ಜಾಸ್ತಿ ದಿನ. ಚೀಲದ ಹಿಂದೆ ಸ್ಪಷ್ಟವಾಗಿ ಬರೆದಿತ್ತು. ನಾನು ಮುಂದಿನ ಚಿತ್ರ ಮಾತ್ರ ನೋಡಿದ್ದೆ. ಮೆಸೊಟ್ರಿಯೋನ್ ಅನ್ನುವ ಕಳೆನಾಶಕ ಇರುವ ಪುಡಿಯಾದರೆ ಬ್ಲೂಗ್ರಾಸ್ ಬೀಜದ ಜೊತೆಗೇ ಹಾಕಬಹುದು, ಆದರೆ ಬೆಲೆ ಜಾಸ್ತಿ.

ಹಾಗಾಗಿ ವಸಂತದಲ್ಲಿ ಒಂದು ಜಾಗಕ್ಕೆ ಒಂದೇ ಕೆಲಸ ಅಂತ ತೀರ್ಮಾನ ಮಾಡಿಕೊಂಡೆ. ಬೋಳಾದ ಕಡೆ ಬೀಜ, ಉಳಿದ ಕಡೆ ಕಳೆಯ ಪುಡಿ. ನಿಜ ಹೇಳಬೇಕೆಂದರೆ ಬೀಜಕ್ಕೆ ಇಲ್ಲಿ ಒಳ್ಳೆಯ ಕಾಲ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ. ವಸಂತದ ಬೀಜ ಅವಸರಕ್ಕೆ ಅಷ್ಟೇ. ಬ್ಲೂಗ್ರಾಸ್ ಮೊಳೆಯಲು ಎರಡರಿಂದ ನಾಲ್ಕು ವಾರ ಬೇಕು, ರೈಗ್ರಾಸ್ ಅನ್ನುವ ಇನ್ನೊಂದು ಲಾನ್ ಹುಲ್ಲಿಗೆ ಒಂದು ವಾರ ಸಾಕು. ಎರಡೂ ಬೆರೆತ ಬೀಜ ತಂದರೆ ರೈಗ್ರಾಸ್ ಮೊದಲು ಹಸಿರಾಗಿ ಮನಸ್ಸಿಗೆ ಸಮಾಧಾನ ಕೊಡುತ್ತದೆ.

ಕ್ರ್ಯಾಬ್‌ಗ್ರಾಸ್ ಒಂದೇ ವರ್ಷ ಬದುಕುವ ಕಳೆ. ಮೊದಲ ಸಲ ಹೆಪ್ಪುಗಟ್ಟುವ ಚಳಿ ಬಿದ್ದಾಗ ಗಿಡ ಸಾಯುತ್ತದೆ, ಬೀಜ ಮಣ್ಣಿನಲ್ಲಿ ಉಳಿಯುತ್ತದೆ. ಮೇಲಿನ ಒಂದೆರಡು ಇಂಚು ಮಣ್ಣು 55 ಡಿಗ್ರಿ ಫ್ಯಾರನ್‌ಹೀಟಿಗೆ ಬಂದು ಕೆಲವು ದಿನ ಹಾಗೇ ನಿಂತರೆ ಮೊಳೆಯಲು ಶುರು. ಪುಡಿ ಅದಕ್ಕೆ ಸ್ವಲ್ಪ ಮೊದಲು ಬೀಳಬೇಕು. ನಮ್ಮ ಕಡೆ ಸಾಮಾನ್ಯವಾಗಿ ಏಪ್ರಿಲ್ ಕೊನೆ, ಮೇ ಮೊದಲ ವಾರ. ಬೇಲಿಯ ಫಾರ್ಸಿಥಿಯಾ ಗಿಡ ಹಳದಿ ಹೂ ಬಿಟ್ಟಾಗ ಅಂತ ಪಕ್ಕದ ಅಜ್ಜನ ಲೆಕ್ಕ. ನನಗೆ ಹೂವಿನ ಮೇಲೆ ಅಷ್ಟು ನಂಬಿಕೆ ಬರಲಿಲ್ಲ. ಚಳಿಯಲ್ಲಿ ಹಾಲಿಗೆ ಹೆಪ್ಪು ಹಾಕಲು ಹೆಂಡತಿ ಒಂದು ಥರ್ಮಾಮೀಟರ್ ಇಟ್ಟುಕೊಂಡಿದ್ದಳು. ಅದನ್ನೇ ಒಯ್ದು ದಿನಾ ಬೆಳಿಗ್ಗೆ ಮಣ್ಣಿಗೆ ಚುಚ್ಚಿದೆ. "ಮೊಸರಿನ ಥರ್ಮಾಮೀಟರ್ ಎಲ್ಲಿ ಇಟ್ರಿ?" ಅಂತ ಕೇಳಿದ ದಿನ ಸಿಕ್ಕಿಬಿದ್ದೆ. ಈಗ ನನ್ನದೇ ಬೇರೆ ಇದೆ, ಏಳೆಂಟು ಡಾಲರ್.

ಗೊಬ್ಬರದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹಿಮ ಕರಗಿದ ತಕ್ಷಣ ಹಾಕಬೇಡಿ. ಎಲೆ ದಿಢೀರನೆ ಬೆಳೆಯುತ್ತದೆ, ಬೇರು ಸೊರಗುತ್ತದೆ, ವಾರಕ್ಕೆ ಎರಡು ಸಲ ಕತ್ತರಿಸುವ ಕರ್ಮ ನಿಮ್ಮದು. ನಾನು ಮೇ ಕೊನೆಗೆ ಒಂದು ಸಲ, ಸೆಪ್ಟೆಂಬರಿನಲ್ಲಿ ಒಂದು ಸಲ ಹಾಕುತ್ತೇನೆ. ಒಂದು ಸಲಕ್ಕೆ 1,000 ಚದರ ಅಡಿಗೆ ಒಂದು ಪೌಂಡ್ ಸಾರಜನಕ ಮೀರುವುದಿಲ್ಲ. ಮಿನಿಸೋಟದಲ್ಲಿ 2005ರಿಂದ ಇಡೀ ರಾಜ್ಯದಲ್ಲಿ ಲಾನಿಗೆ ರಂಜಕ ಇರುವ ಗೊಬ್ಬರ ಹಾಕುವ ಹಾಗಿಲ್ಲ. ಹೊಸದಾಗಿ ಹುಲ್ಲು ಹಾಕುವಾಗ ಅಥವಾ ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಂಡಾಗ ಮಾತ್ರ ಬಿಡುತ್ತಾರೆ. ಇಲ್ಲಿ ಎಲ್ಲಿ ನೋಡಿದರೂ ಕೆರೆ. ರಂಜಕ ಹರಿದು ಹೋದರೆ ಕೆರೆಯಲ್ಲಿ ಪಾಚಿ ಏಳುತ್ತದೆ. ಚೀಲದ ಮೇಲಿನ ಮೂರು ಅಂಕಿಗಳಲ್ಲಿ ನಡುವಿನದು ಸೊನ್ನೆ ಇರಬೇಕು. ನೀವು ಬೇರೆ ರಾಜ್ಯದಲ್ಲಿದ್ದರೆ ಅಲ್ಲಿನ ನಿಯಮ ನೋಡಿಕೊಳ್ಳಿ.

ಹುಲ್ಲು ಕತ್ತರಿಸುವ ಯಂತ್ರ, ಅಂದರೆ ಮೂವರ್‌ನ ಕಥೆ ಎಲ್ಲರ ಮನೆಯದೂ ಒಂದೇ. ಚಳಿಗಾಲ ಪೂರ್ತಿ ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಬಿಟ್ಟಿದ್ದೆ. ಹಗ್ಗ ಎಳೆದೂ ಎಳೆದೂ ಭುಜ ನೋವು ಬಂತೇ ಹೊರತು ಅದು ಸ್ಟಾರ್ಟ್ ಆಗಲಿಲ್ಲ. ಕಾರ್ಬ್ಯುರೇಟರ್ ಕಟ್ಟಿಕೊಂಡಿತ್ತು. ಈಗ ಅಕ್ಟೋಬರಿನಲ್ಲೇ ಟ್ಯಾಂಕ್ ಖಾಲಿ ಮಾಡಿ ಇಡುತ್ತೇನೆ. ವಸಂತದಲ್ಲಿ ಆಯಿಲ್ ಬದಲಾಯಿಸಿ, ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತಿಟ್ಟು ಆಮೇಲೆ ಬ್ಲೇಡ್ ಬಿಚ್ಚಿ ಸಾಣೆ ಹಿಡಿಸುತ್ತೇನೆ. ವೈರ್ ಕೀಳದೆ ಬ್ಲೇಡಿಗೆ ಕೈ ಹಾಕಲೇಬೇಡಿ. ಮೊಂಡು ಬ್ಲೇಡ್ ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಎರಡು ದಿನಕ್ಕೆ ತುದಿಗಳೆಲ್ಲ ಬೆಳ್ಳಗಾಗುತ್ತವೆ. ಎತ್ತರ ಮೂರು ಇಂಚಿಗೆ ಇಟ್ಟಿದ್ದೇನೆ. ಒಂದೇ ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸುವುದಿಲ್ಲ.

2022ರ ಮೇ ತಿಂಗಳಲ್ಲಿ ಅಮ್ಮ ಬಂದಿದ್ದಳು. ನಾನು ಲಾನಿನಲ್ಲಿ ಮಂಡಿಯೂರಿ ಡ್ಯಾಂಡೆಲಯನ್ ಅನ್ನುವ ಕಳೆ ಕೀಳುತ್ತಿದ್ದೆ. ಅಮ್ಮ ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತು, "ಒಂದು ದನಾನೂ ಇಲ್ಲ, ಹುಲ್ಲಿಗೆ ಇಷ್ಟು ಉಪಚಾರ ಮಾಡ್ತೀಯಲ್ಲೋ" ಅಂದಳು. ಆಮೇಲೆ ಕಿತ್ತ ರಾಶಿ ನೋಡಿ, "ಇದನ್ನ ಯಾಕೆ ಎಸೀತೀಯ? ತಿನ್ನೋ ಸೊಪ್ಪಿನ ಥರ ಇದೆ" ಅಂದಳು. ತಿನ್ನುವ ಸೊಪ್ಪೇ. ಹಿಂದಿನ ಅಂಗಳಕ್ಕೆ ಎರಡು ವರ್ಷದಿಂದ ಯಾವ ಔಷಧಿಯನ್ನೂ ಹೊಡೆದಿರಲಿಲ್ಲ. ಎಳೆಯ ಎಲೆ ಆರಿಸಿ, ಒಂದು ಸಲ ಬೇಯಿಸಿ ನೀರು ಚೆಲ್ಲಿ, ಬೇಳೆಯ ಜೊತೆ ಮತ್ತೆ ಬೇಯಿಸಿ ಬಸ್ಸಾರು ಮಾಡಿದಳು. ಕಹಿ ಇತ್ತು. ಮುದ್ದೆಗೆ ಪರವಾಗಿಲ್ಲ. ಮಗಳು ಮುಟ್ಟಲಿಲ್ಲ. ಹಿಂದಿನ ಅಂಗಳಕ್ಕೆ ಕಳೆನಾಶಕ ಇನ್ನು ಬೇಡವೇ ಬೇಡ ಅಂತ ಅವತ್ತೇ ತೀರ್ಮಾನ ಮಾಡಿದೆ. ಬಿಳಿ ಕ್ಲೋವರ್ ಬೀಜ ಸ್ವಲ್ಪ ಎರಚಿದ್ದೇನೆ. ಗಾಳಿಯ ಸಾರಜನಕ ಹಿಡಿಯುವ ಗಿಡ ಅದು, ನಮ್ಮ ಅವರೆ ಹುರುಳಿಯ ಕುಲ. ಜೂನ್‌ನಲ್ಲಿ ಜೇನು ಬರುತ್ತದೆ. ಬರಿಗಾಲಲ್ಲಿ ಓಡಾಡುವಾಗ ಹುಷಾರು, ಅಷ್ಟೇ.

ಇಷ್ಟೆಲ್ಲ ಆದರೂ ಒಂದು ಜಾಗ ನನ್ನ ಮಾತು ಕೇಳುತ್ತಿಲ್ಲ. ಡ್ರೈವ್‌ವೇ, ಅಂದರೆ ಮನೆಯಿಂದ ಕಾರು ಇಳಿಸುವ ದಾರಿ, ಮತ್ತು ರಸ್ತೆ ಸೇರುವ ಮೂಲೆಯ ಎರಡಡಿ ಪಟ್ಟಿ. ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪೆಲ್ಲ ಹಿಮದ ಜೊತೆ ಅಲ್ಲೇ ಬಂದು ಬೀಳುತ್ತದೆ. ಒಂದು ಟೀ ಚಮಚ ಉಪ್ಪು ಐದು ಗ್ಯಾಲನ್ ನೀರನ್ನು ಕೆಡಿಸಲು ಸಾಕು ಅಂತ ರಾಜ್ಯದ ಮಾಲಿನ್ಯ ನಿಯಂತ್ರಣ ಸಂಸ್ಥೆ ಹೇಳುತ್ತದೆ. ಅದನ್ನು ಓದಿದ ಮೇಲೆ ನಮ್ಮ ಡ್ರೈವ್‌ವೇಗೆ ಉಪ್ಪು ಹಾಕುವುದನ್ನು ತುಂಬ ಕಡಿಮೆ ಮಾಡಿದೆ. ತುಂಬ ಚಳಿ ಇರುವ ದಿನ ಅದು ಐಸನ್ನು ಕರಗಿಸುವುದೂ ಇಲ್ಲ, ಮರಳು ಎರಚಿದರೆ ಕಾಲು ಜಾರುವುದಿಲ್ಲ. ಆದರೆ ರಸ್ತೆಯ ಉಪ್ಪು ನನ್ನ ಕೈಲಿಲ್ಲವಲ್ಲ. ಏಪ್ರಿಲ್ ಕೊನೆಗೆ ಹೊರಗಿನ ನಲ್ಲಿ ಬಿಟ್ಟ ಕೂಡಲೇ ಆ ಪಟ್ಟಿಗೆ ಮೂರು ನಾಲ್ಕು ಸಲ ಆಳವಾಗಿ ನೀರು ಕಟ್ಟಿ ಉಪ್ಪನ್ನು ಕೆಳಗೆ ಇಳಿಸುತ್ತೇನೆ. ಬ್ಲೂಗ್ರಾಸ್ ಮೂರು ಸಲ ಹಾಕಿದೆ, ಮೂರು ಸಲವೂ ಹೋಯಿತು. ಈ ಸಲ ಉಪ್ಪು ತಡೆದುಕೊಳ್ಳುವ ಫೈನ್ ಫೆಸ್ಕ್ಯೂ ಅನ್ನುವ ಹುಲ್ಲಿನ ಬೀಜ ತಂದಿಟ್ಟಿದ್ದೇನೆ. ಬೆಳಿಗ್ಗೆ ಅಲ್ಲಿಯ ಮಣ್ಣು ಹಿಡಿದು ನೋಡಿದೆ. ಉಂಡೆ ಇನ್ನೂ ಒಡೆಯುತ್ತಿಲ್ಲ. ಚೀಲ ಗ್ಯಾರೇಜಿನಲ್ಲೇ ಇದೆ.